ಇಪ್ಪತ್ತು ಜನ ಸೇರುವವರೆಗೆ

ಗೆಳೆಯಾ,

ಕಳೆದ ಭಾನುವಾರ ನಿನ್ನ ಮನರಂಜನಾ ಪಾರ್ಕಿನಲ್ಲಿ ಟಿಕೆಟ್ ಕೊಂಡು ನಿಂತಿದ್ದ ಮಕ್ಕಳನ್ನು ಜೈಂಟ್ ವೀಲ್ ಹತ್ತಿಸದೆ ವಾಪಸ್ ಕಳಿಸಿದರು. ಇಪ್ಪತ್ತು ಜನ ಸೇರದೆ ಯಾವ ಆಟವನ್ನೂ ಶುರು ಮಾಡಬಾರದೆಂದು ಪಾರ್ಕ್ ಸಮಿತಿಯ ಅಧ್ಯಕ್ಷನಾದ ನಿನ್ನದೇ ಆದೇಶವಂತೆ, ಕರೆಂಟ್ ಉಳಿಸುವುದಕ್ಕೆ.

ಸಾಲಿನಲ್ಲಿ ನಾನೂ ಮೊಮ್ಮಗಳೂ ಸೇರಿ ಒಂಬತ್ತೇ ಜನ.

"ಅಂಕಲ್, ನಮ್ಮಜ್ಜನ್ನ ಒಂದ್ಸಲ, ಅಜ್ಜನ ಹೊಟ್ಟೆನ ಒಂದ್ಸಲ ಎಣಿಸಿ" ಎಂದಳು ಅವಳು.

ಆಪರೇಟರ್ ನಕ್ಕುಬಿಟ್ಟ. "ಎಣಿಸ್ತಿದ್ದೆ ಪುಟ್ಟಿ, ಮ್ಯಾನೇಜರ್ ನೋಡ್ತಿದ್ದಾರೆ. ಏನ್ಮಾಡ್ಲಿ ಯಜಮಾನ್ರೇ, ಇನ್ನು ಹನ್ನೊಂದು ಜನ ಬರೋಷ್ಟ್ರಲ್ಲಿ ಮೊದಲು ಬಂದವ್ರು ಬೇಜಾರಾಗಿ ಹೋಗಿರ್ತಾರೆ."

ನಾವೂ ಹೊರಟೆವು. ಗೇಟಿನಲ್ಲಿ ನಿನ್ನ ಸಹಿಯ ನೋಟಿಸು ಇತ್ತು: ಜನ ಬರುತ್ತಿಲ್ಲವಾದ್ದರಿಂದ ನಗರಸಭೆ ಅನುದಾನ ನಿಲ್ಲಿಸಿದೆ, ತಿಂಗಳ ಕೊನೆಗೆ ಪಾರ್ಕ್ ಮುಚ್ಚುತ್ತದೆ.

ಇಲ್ಲಿ ಗೋದಾಮು ಬೇಡ, ಮಕ್ಕಳು ಆಡಲಿ ಎಂದು ನಾವಿಬ್ಬರೂ ಮನೆಮನೆ ತಿರುಗಿ ಜನರನ್ನು ಒಪ್ಪಿಸಿದ್ದು ನಿನಗೆ ಮರೆತಿರಬಹುದು. ಉದ್ಘಾಟನೆಯ ದಿನ ಆ ಚಕ್ರ ಹತ್ತಲು ಬೇರೆ ಯಾರಿಗೂ ಧೈರ್ಯವಿರಲಿಲ್ಲ. ನಮ್ಮಿಬ್ಬರಿಗಾಗಿಯೇ ಅದು ತಿರುಗಿತು. ತುದಿಗೆ ಹೋದಾಗ ನೀನು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ಇಷ್ಟು ವರ್ಷಗಳ ಮೇಲೆ ಫೋನ್ ಮಾಡಿ ನನಗೊಬ್ಬನಿಗೆ ಸಮಾಧಾನ ಹೇಳುತ್ತೀಯ. ನಿನ್ನ ದನಿ ಕೇಳಿ ನಾನೂ ಕರಗಿಬಿಡುತ್ತೇನೆ. ಉತ್ತರ ಸಿಗಬೇಕಾದ್ದು ಊರಿಗೆ. ಬಾಗಿಲು ಹಾಕುವ ಮೊದಲು ಸಭೆ ಕರೆದು ಎಲ್ಲರೆದುರು ಹೇಳು: ಜನ ಬರಲಿಲ್ಲವೋ, ಬಂದವರನ್ನು ನೀನೇ ಕಳಿಸಿದೆಯೋ?