ಪ್ರತಿಸ್ಪರ್ಧಿಗೆ ಊಟ ಹಾಕಿಸಿದ ಅರ್ಜಿದಾರಳ ಅಹವಾಲು

ಸಂಶೋಧನಾ ವಿಭಾಗದ ಮಾನ್ಯ ನಿರ್ದೇಶಕರೇ,

ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಪತ್ತೆ ಹಚ್ಚಿದಿರೆಂದು ಬೀಗುವುದು ಬೇಡ. ನಿಮ್ಮ ಮಹಾನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದವರಿಗೆಂದು ಖಾಲಿಯಿದ್ದ ಒಂದೇ ಒಂದು ಪೋಸ್ಟ್‌ಡಾಕ್ ಹುದ್ದೆಗೆ ನಿಮ್ಮದೇ ಲ್ಯಾಬಿನಲ್ಲಿ ದುಡಿಯುವ ನಾನೂ ಅರ್ಜಿ ಹಾಕಿದ್ದೆ. ನೀವು ನನ್ನನ್ನು ಸಂದರ್ಶನಕ್ಕೆ ಕರೆಯಲಿಲ್ಲ. ಕರೆದವನನ್ನು ನೋಡಿಕೊಳ್ಳಲು ಕರೆದಿರಿ.

ನಿಮ್ಮ ಕಾರ್ಯದರ್ಶಿ ಫೋನ್ ಮಾಡಿ, "ಮೇಡಂ, ನಾಳೆ ಕ್ಯಾಂಡಿಡೇಟ್ ಬರ್ತಾರೆ, ಲ್ಯಾಬ್ ತೋರಿಸಿ, ಊಟಕ್ಕೆ ಕರ್ಕೊಂಡ್ ಹೋಗಿ" ಅಂದರು. "ನಾನೂ ಕ್ಯಾಂಡಿಡೇಟೇ ಅಲ್ವೇನ್ರೀ? ನನ್ನ ಸಂದರ್ಶನ ಯಾವಾಗ?" ಅಂದೆ. "ಅಯ್ಯೋ, ನಿಮಗ್ಯಾಕೆ ಮೇಡಂ? ನಿಮ್ಮನ್ನ ಸಾಹೇಬ್ರು ದಿನಾ ನೋಡ್ತಾರಲ್ಲ!" ದಿನಾ ನೋಡುವುದೇ ಸಂದರ್ಶನವಾದರೆ ನಿಮ್ಮ ಕೋಣೆಯ ಗೋಡೆ ಗಡಿಯಾರ ಇಷ್ಟೊತ್ತಿಗೆ ಪ್ರಾಧ್ಯಾಪಕ ಹುದ್ದೆಗೇರಬೇಕಿತ್ತಲ್ಲವೇ ಸ್ವಾಮಿ?

ಬಂದ. ಇಸ್ತ್ರಿ ಮಾಡಿದ ಅಂಗಿ, ಹೊಸ ಬೂಟು, ಬಾಯ್ತುಂಬ ನಗು. ದಡ್ಡನಾಗಿದ್ದರೆ ಎಷ್ಟು ಚೆನ್ನಾಗಿತ್ತು! ಮೀನಿನ ಕೋಣೆಗೆ ಕರೆದೊಯ್ದೆ. ಹೃದಯಕ್ಕೆ ಗಾಯವಾದರೂ ಅದನ್ನು ತಾವೇ ಮತ್ತೆ ಬೆಳೆಸಿಕೊಳ್ಳುವ ಪುಟ್ಟ ಮೀನುಗಳವು. ಅದು ಹೇಗೆ ಎಂಬುದೇ ನನ್ನ ಪಿಎಚ್‌ಡಿ, ನನ್ನ ಯೌವನ, ನನ್ನ ಎಲ್ಲ ಭಾನುವಾರಗಳು. ಅವನು ಮೂಲೆಯ ತೊಟ್ಟಿಯ ಮುಂದೆ ನಿಂತು, "ಅಕ್ಕಾ, ಇವು ಮೇಲೆ ಬಂದು ಬಾಯಿ ಬಿಡ್ತಿವೆ, ಗಾಳಿ ಸಾಲ್ತಿಲ್ವೇನೋ" ಅಂದ. ಹೌದು, ಪಂಪಿನ ಕೊಳವೆ ಕಟ್ಟಿಕೊಂಡಿತ್ತು. ನಾನು ಗಮನಿಸುವುದೆಲ್ಲಿ, ಬೆಳಗ್ಗಿನಿಂದ ಅವನಿಗಾಗಿ ಅತಿಥಿಗೃಹದ ಬೀಗದಕೈ ಹುಡುಕುತ್ತಿದ್ದೆ! ಅವನೇ ಕೊಳವೆ ಬಿಚ್ಚಿ, ಊದಿ ಸರಿಮಾಡಿದ. ನನ್ನ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು.

ಊಟಕ್ಕೆ ಕೂತಾಗ, "ನಂಗೆ ಸಿಕ್ಕಿದ್ರೆ ನೀವೇ ಎಲ್ಲಾ ಹೇಳಿಕೊಡ್ತೀರಂತೆ, ಹೌದಾ ಅಕ್ಕಾ?" ಎಂದು ಕೇಳಿದ. ನಾನೂ ಅರ್ಜಿ ಹಾಕಿದ್ದೇನೆಂದು ಪಾಪ ಅವನಿಗೆ ಯಾರೂ ಹೇಳಿಲ್ಲ. "ಇನ್ನಷ್ಟು ಹಾಕ್ಕೊಳ್ಳಪ್ಪ" ಅಂದೆ. ನನ್ನ ತಾತ್ಕಾಲಿಕ ಕೆಲಸ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಹೇಳಿಕೊಡಲು ನಾನಿರಬೇಕು, ಆದರೆ ಹುದ್ದೆಗೆ ಮಾತ್ರ ನಾನು ಬೇಡ. ಇದು ಯಾವ ಊರ ನ್ಯಾಯ?

ಮಧ್ಯಾಹ್ನ ಅವನದು ಒಂದು ಗಂಟೆಯ ಉಪನ್ಯಾಸ. ನೀವು ಕನ್ನಡಕ ತೆಗೆದು, ಮುಂದಕ್ಕೆ ಬಾಗಿ ಕೇಳಿದಿರಿ. ನನ್ನ ಮಾತನ್ನು ನೀವು ಹಾಗೆ ಯಾವತ್ತು ಕೇಳಿದ್ದೀರಿ? ಅವನು ಮೀನಿನ ಹೃದಯದ ಒಂದು ಚಿತ್ರ ತೋರಿಸಿದಾಗ, "ಭೇಷ್! ಯಾರ ಕೆಲಸ ಇದು?" ಎಂದಿರಿ. "ಅಕ್ಕನದೇ ಸರ್, ಅವರ ಪ್ರಬಂಧದಿಂದ ತಗೊಂಡಿದ್ದು" ಎಂದು ಅವನು ಹಿಂದಿನ ಸಾಲಿನತ್ತ ಕೈ ತೋರಿಸಿದ. ನೀವು ತಿರುಗಿ ನನ್ನನ್ನು ನೋಡಿ, "ಮೈಕ್ ಸ್ವಲ್ಪ ಜೋರು ಮಾಡಮ್ಮ" ಅಂದಿರಿ. ನಾನು ಎದ್ದು ಹೋಗಿ ಜೋರು ಮಾಡಿದೆ.

ಮನೆಯಲ್ಲಿ ನಮ್ಮ ಯಜಮಾನರು, "ಹೊಟ್ಟೆ ಉರ್ಕೊಂಡ್ರೆ ಕೆಲಸ ಸಿಗತ್ತೇನೇ?" ಅಂದರು. "ಸಿಗಲ್ಲ. ಆದ್ರೂ ಉರಿಯತ್ತೆ, ಸುಮ್ನಿರಿ" ಅಂದೆ. ಅವನ ಬುದ್ಧಿ ಕಂಡು ಅಸೂಯೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವನಿಗೆ ಸಿಕ್ಕ ಆ ಒಂದು ಗಂಟೆಯ ಮೇಲೆ ನನಗಿರುವ ಹೊಟ್ಟೆಕಿಚ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ.

ಹುದ್ದೆಯನ್ನು ಅವನಿಗೇ ಕೊಡುವುದಾದರೆ ಕೊಡಿ. ಆದೇಶಕ್ಕೆ ಸಹಿ ಹಾಕುವ ಮುನ್ನ ನನಗೂ ಒಂದು ಗಂಟೆ ಕೊಡಿ. ಪ್ರಶ್ನೆ ಕೇಳಿ, ತಪ್ಪು ಹುಡುಕಿ, ಆಮೇಲೆ ಬೇಡವೆನ್ನಿ. ಕೇಳಿ ಬೇಡವೆಂದರೆ ಅವನಿಗೆ ಎಲ್ಲವನ್ನೂ ಕಲಿಸಿಯೇ ಹೋಗುತ್ತೇನೆ. ಕೇಳದೆಯೇ ಬೇಡವೆಂದರೆ, ಮುಂದಿನ ತಿಂಗಳು ಅವನಿಗೆ ಮೀನು ಸಾಕುವುದನ್ನು ನೀವೇ ಹೇಳಿಕೊಡಿ.

ಇಂತಿ ಉರಿಯುತ್ತಿರುವ,
ನಿಮ್ಮ ಅತಿಥಿ ಸತ್ಕಾರ ಸಮಿತಿಯ ಏಕೈಕ ಸದಸ್ಯೆ
(ಅರ್ಜಿಯನ್ನೂ ಹಾಕಿದವಳು)