ಬಳೆಯಗಲದ ತೂತುಗಳು

ಎರಡು ಸಾವಿರದ ಇನ್ನೂರ ಅರವತ್ತೆಂಟನೇ ಇಸವಿ, ಕಾರ್ತಿಕ ಮಾಸ. ಸೊಂಡೂರಿನ ಕೆಂಪು ಗುಡ್ಡದ ಬುಡದಿಂದ.

ಇನ್ನೂರು ವರ್ಷ ಹಿಂದೆ ಬಾಳುತ್ತಿರುವ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರ. ನನ್ನ ಓದು ಅರ್ಧಕ್ಕೇ ನಿಂತದ್ದು. ನಿಮ್ಮ ಕಾಲದ ಮಾತು ಪೂರಾ ಬಾರದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಲ್ಲಿ ಗಣಿಯ ಹುಟ್ಟೂ ಸಾವೂ ಸರ್ಕಾರದ ಕಣ್ಣೆದುರಿಗೇ ಆಗಬೇಕು. ಅದಿರು ಹುಡುಕಲು ಒಂದು ಅಪ್ಪಣೆ, ಅಗೆಯಲು ಇನ್ನೊಂದು. ಹೇಗೆ ಮುಚ್ಚುತ್ತೇವೆ ಎಂದು ಅಗೆಯುವ ಮೊದಲೇ ಬರೆದುಕೊಡಬೇಕು. ಕಡೆಯದು ಮಳೆವಾಸ. ಅಂದರೆ, ಗಣಿ ಮುಚ್ಚಿತು ಎಂದು ಸಹಿ ಹಾಕುವ ಅಧಿಕಾರಿ ಮನೆಮಂದಿಯ ಸಮೇತ ಒಂದು ಮಳೆಗಾಲ ಗುಡ್ಡದ ಬುಡದಲ್ಲೇ ಬಾಳಬೇಕು. ಜೊತೆಗೆ ಊರಿನ ಒಬ್ಬರ ಹೆಬ್ಬೆಟ್ಟೂ ಬೀಳಬೇಕು. ಈ ಸಲ ಆ ಹೆಬ್ಬೆಟ್ಟು ನನ್ನದು, ಇನ್ನೂ ಒತ್ತಿಲ್ಲ.

ಗಣಿ ಅಗೆದ ಗುಂಡಿಯ ಬಗ್ಗೆ ದೂರಿಲ್ಲ. ಮಣ್ಣು ತುಂಬಿ, ಹುಲ್ಲು ಹಬ್ಬಿ, ಕುರಿ ಮೇಯುತ್ತಿವೆ. ಆದರೆ ಊರು ಕುಡಿಯುವ ಒರತೆ, ಮಳೆ ಚೆನ್ನಾಗಿ ಬಂದರೂ, ಸಣ್ಣಗಾಗುತ್ತಿದೆ. ತಪ್ಪಿಸಿಕೊಂಡ ಮೇಕೆ ಹುಡುಕುತ್ತಾ ಮೇಲೆ ಹೋದಾಗ ಕಾರೆ ಪೊದೆಯಡಿ ಬಳೆಯಗಲದ ತೂತೊಂದು ಕಂಡಿತು. ಕಲ್ಲು ಹಾಕಿದೆ, ತಳ ಮುಟ್ಟಿದ ಸದ್ದೇ ಇಲ್ಲ. ಅತ್ತಿತ್ತ ಇನ್ನೂ ಇದ್ದವು. ನಿಮ್ಮ ಕಾಲದವರು ಅದಿರು ಉಂಟೋ ಇಲ್ಲವೋ ಎಂದು ಕೊರೆದು ನೋಡಿದವು ಅವು. ಹುಡುಕಿದವರು ಬೇರೆ, ಅಗೆದವರು ಬೇರೆ. ಮುಚ್ಚುವವರ ಕಣ್ಣಿಗೆ ಗುಂಡಿ ಒಂದೇ ಬಿತ್ತು. ಒರತೆಗೆ ಬರಬೇಕಾದ ನೀರು ಆ ತೂತುಗಳಲ್ಲಿ ಇಳಿದುಹೋಗುತ್ತಿದೆ.

ಅಧಿಕಾರಿ ಗಾದಿಲಿಂಗಯ್ಯನವರು ಒಳ್ಳೆಯವರೇ. ಬಂದು ನೋಡಿ, “ಹುಲಿಗೆಮ್ನೋರೆ, ಇವು ಹುಡುಕಾಟದ್ವು, ಗಣಿ ಲೆಕ್ಕಕ್ಕ ಬರಂಗಿಲ್ಲ,” ಅಂದರು. ನಾದಿನಿ ಅಂಕಲಮ್ಮನಿಗೆ ಗುಡ್ಡ ಬೇಗ ಊರಿನ ಕೈಗೆ ವಾಪಸು ಬಂದರೆ ಸಾಕು.

“ಹೆಬ್ಬೆಟ್ಟಿಗೆ ಮುಳ್ಳು ಚುಚ್ಚೇತೇನು ಅತ್ತಿಗಿ? ಒತ್ತಿ ಕೈ ತೊಳಕೋ.”

“ತೊಳಕೊಳ್ಳಾಕ ನೀರು ಬೇಕಲ್ಲವ್ವ.”

ನಕ್ಕಳು. ಆಮೇಲೆ ಕೊಡ ಎತ್ತಿಕೊಂಡು ಒರತೆಯ ಕಡೆ ನಡೆದಳು.

ನಾಳೆ ಕಚೇರಿಯವರು ಬರುತ್ತಾರೆ. ನಾನು ಒತ್ತುವುದಿಲ್ಲ. ಅಧಿಕಾರಿಯ ಹೆಂಡತಿ ತಮ್ಮೂರಿಗೆ ಹೊರಡಲು ಆಗಲೇ ಪೆಟ್ಟಿಗೆ ಕಟ್ಟಿದ್ದಾರೆ. ಪಾಪ, ಇನ್ನೊಂದು ಮಳೆಗಾಲ ಇಲ್ಲೇ ಇರಬೇಕಾಗುತ್ತದೆ. ಆದರೆ ಮುಚ್ಚಿತು ಎಂದು ಬರೆದಾದ ಮೇಲೆ ಒರತೆಯ ಗತಿ ಯಾರನ್ನು ಕೇಳುವುದು?

ನಿಮ್ಮಲ್ಲಿ ಬೇಡುವುದಿಷ್ಟೇ. ಕೊರೆಯಬೇಡಿ ಅನ್ನುವುದಿಲ್ಲ, ಕಬ್ಬಿಣ ನಮಗೂ ಬೇಕು. ಏನೂ ಸಿಗದ ಜಾಗದಿಂದ ಯಂತ್ರ ಎತ್ತುವ ಮುನ್ನ ಆ ತೂತನ್ನು ಮುಚ್ಚಿ ಹೋಗಿ. ಅದಿರು ಸಿಕ್ಕ ಜಾಗವನ್ನು ನೀವು ಮರೆಯುವುದಿಲ್ಲ. ಸಿಗದ ಜಾಗದಲ್ಲಿ ನಾವು ನೀರು ಕುಡಿಯಬೇಕು.