ಹಸಿ ಉಸುಕಿನ ಮ್ಯಾಲೆ ಕೂಗಿದ ಮಷೀನು

ಇಳಕಲ್ಲ
೧೨ ಫೆಬ್ರುವರಿ ೨೦೨೫

ಗೆಳೆಯಾ ಯುನೂಸ,

ನಿನಗ ಸಲಾಂ, ಜರೀನಾಗ ನಮಸ್ಕಾರ. ಲೋಹ ಹುಡುಕೂ ಮಷೀನಿಗೆ ಹದಿನಾಲ್ಕು ಸಾವಿರ, ಗೋಕರ್ಣದ ಲಾಡ್ಜಿಗೆ ನಾಲ್ಕೂವರಿ, ಕಾರಿನ ಎಣ್ಣಿಗೆ ಐದು, ಸಣ್ಣಪುಟ್ಟದ್ದು ಅರ್ಧಾ. ಒಟ್ಟ ಇಪ್ಪತ್ನಾಲ್ಕು. ಇದರಾಗ ನಿನ್ನ ಬಸ್ ಚಾರ್ಜು ಹಿಡಿದಿಲ್ಲ. ನೀ ಕೇಳಲೇ ಇಲ್ಲ. ಮೂರು ತಿಂಗಳಾತು, ಫೋನೂ ಎತ್ತವಲ್ಲಿ. ಸೀರಿ ಅಂಗಡ್ಯಾಗ ಬಿಲ್ಲು ಬರಿಯೂ ಕೈಗೆ ಪತ್ರ ಬರಿಯೂದು ಬರಂಗಿಲ್ಲ, ಅದಕ್ಕ ತಡಾ ಆತು. ಕ್ಷಮಾ ಮಾಡು.

ನಮ್ಮ ಮನಿಯಾಕಿ, ನಿಮ್ಮ ವೈನಿ ಶಿವಲಿಂಗವ್ವ ಆರಾಮದಾಳ. ನೀ ಬರೂಕಿಂತ ಮೊದಲಿನ ಕಥಿ ನಿನಗ ಪೂರಾ ಹೇಳಿಲ್ಲ. ಸಮುದ್ರಕ್ಕ ಇಳಿಯೂ ಮುಂದ ಆಕಿಗೆ, 'ಕೊಳ್ಳಾಗಿನ ಲಿಂಗದ ಕರಡಿಗಿ ಕಾರಿನಾಗ ಇಡು, ಬೆಳ್ಳೀದು' ಅಂದಿದ್ದೆ. 'ಬಿಟ್ಟು ಹೋಗಾಕ ಅದೇನು ಚಪ್ಪಲೇನ್ರಿ?' ಅಂದಳು. ಒಂದ ತೆರಿ ಬಡದು ದಾರ ಹರೀತು, ಕರಡಿಗಿ ನೀರಪಾಲಾತು. ಶಿವಯೋಗ ಮಂದಿರಕ್ಕ ಹೋಗಿ ಹೊಸಾದು ಕಟ್ಟಿಸೂಣು ಅಂದ್ರ ಕೇಳಲಿಲ್ಲ. ಲಿಂಗಪೂಜಿ ಆಗೂತನಕ ಒಂದು ತುತ್ತೂ ಒಲ್ಲೆ ಅಂತ ಕುಂತಳು.

ಆಗ ನಿನಗ ಫೋನ್ ಮಾಡಿದ್ದು. ನೀ ಅಂದಿ, 'ಲೇ ರಾಚ್ಯಾ, ಉಪ್ಪನೀರಿಗೆ ನಡಿಯೂ ಮಷೀನು ನಲವತ್ತು ಸಾವಿರ, ಸಾದಾದು ಹದಿನಾಲ್ಕು.' ನಾ ಅಂದೆ, 'ಉಸುಕು ಅಂದ್ರ ಉಸುಕು. ಸಾದಾದು ತಾ.' ನೀ ಫ್ಯಾನ್ ರಿಪೇರಿ ಅಂಗಡಿ ಬಂದ್ ಮಾಡಿ, ರಾತ್ರಿ ಬಸ್ಸಿಗೆ ಅದನ್ನ ತಂದಿ.

ತರೂ ಮುಂದ ನೀ ಹುನಗುಂದದ ಎರಿ ಹೊಲದಾಗ ಆಡಿಸಿ ನೋಡಿದಾಗ ಮೊಳಿ ಹಿಡಿದ ಮಷೀನು, ಗೋಕರ್ಣದಾಗ ಹಸಿ ಉಸುಕಿನ ಮ್ಯಾಲೆ ಹೆಜ್ಜಿಗೊಮ್ಮೆ ಕೂಗಿತು. ಕೂಗಿದಲ್ಲೆಲ್ಲಾ ಅಗದೆ. ಎರಡು ಬಾಟ್ಲಿ ಮುಚ್ಚಳ, ಒಂದು ಮೀನಿನ ಗಾಳ. 'ಉಪ್ಪಿಗೆ ಒದರಾಕತ್ತೈತೋ' ಅಂದಿ. 'ತಾಕತ್ತು ಇಳಿಸು. ನೀರು ಹಿಂದ ಸರಿದಾಗ ಅಂಚು ಹಿಡಿದು ಸಾಲಾಗಿ ನಡಿ.' 'ಪೂರಾ ರೊಕ್ಕ ಕೊಟ್ಟೇನಿ, ಅರ್ಧಾ ತಾಕತ್ತಿನಾಗ ಯಾಕ ನಡಸಲಿ?' ಅಂದೆ ನಾನು.

ಅವತ್ತ ಸಂಜಿಕ ನೀ ಅಂಗಡಿ ನೆವಾ ಹೇಳಿ ಬಸ್ ಹತ್ತಿದಿ.

ಮರುದಿನ ನೀರು ಇಳಿದಾಗ ನೀ ಹೇಳಿದಂಗ ನಡದೆ. ತಾಕತ್ತು ಇಳಿಸಿದ ಕೂಡಲೇ ಮಷೀನು ಸುಮ್ಮನಾತು. ನಾಲ್ಕನೇ ಸಾಲಿನ್ಯಾಗ ಸಣ್ಣಗ ಒಂದ ಸಲ ಕೂಗಿತು. ಒಂದು ಗೇಣು ಕೆಳಗ ಕರಡಿಗಿ, ಒಳಗ ಲಿಂಗ. ಆಕಿ ಪೂಜಿ ಮುಗಿಸಿ, ತಾಟಿಗೆ ಕೈ ಹಚ್ಚೂ ಮೊದಲು ಕೇಳಿದ್ದು, 'ಯುನೂಸಣ್ಣ ಎಲ್ರಿ?' 'ಕೆಲಸಿತ್ತು, ಹೋದ' ಅಂದೆ. ಆಕಿಗೆ ಇವತ್ತಿಗೂ ಅಷ್ಟ ಗೊತ್ತು.

ನಿನ್ನ ಅಂಗಡಿ ಚಲೋ ನಡೀಲಿ, ಮನಿಮಂದಿ ಸುಖದಾಗಿರ್ರಿ.

ನಿನ್ನ
ರಾಚಪ್ಪ

ತಾ.ಕ.: ಅವತ್ತ ಬ್ಯಾಟರಿ ನೋಡತೇನಿ ಅಂತ ನಿನ್ನ ಚೀಲದ ಮ್ಯಾಲೆ ಮಷೀನು ಆಡಿಸಿದ್ನಲ್ಲಾ, ಅದು ಬ್ಯಾಟರಿ ನೋಡಾಕಲ್ಲ. ನಾ ಚಾ ಕುಡದು ಬರೂ ಹೊತ್ತಿಗೆ ನೀ ಏನೋ ಒಳಗ ತುರುಕಿದ್ದು ಕಂಡಿತ್ತು, ಕರಡಿಗೀನ ಏನೋ ಅನಸಿತ್ತು. ಮಷೀನು ಕೂಗಿತು, 'ತಗಿ' ಅಂದೆ. ಸ್ಟೀಲ್ ಡಬ್ಬಿ. ಒಳಗ ಜರೀನಾ ಕಟ್ಟಿಕೊಟ್ಟ ರೊಟ್ಟಿ, ನೀ ಒಂದೂ ಮುಟ್ಟಿರಲಿಲ್ಲ. 'ವೈನಿ ಉಪಾಸ ಅದಾರ, ಅವರ ಕಣ್ಣಿಗೆ ಬೀಳಬಾರದಂತ ಇಟ್ಟೆ' ಅಂದಿ. ನಾ ಮಷೀನು ಬಂದ್ ಮಾಡಿದೆ, ತಪ್ಪಾತು ಅನ್ನಲಿಲ್ಲ. ಈಗ ಅಂತೇನಿ.

ಶಿವಲಿಂಗವ್ವಗ ಆಕಿ ಲಿಂಗ ಸಿಕ್ಕಿತು. ಮಷೀನು ಮಾರಿದವಗ ಗಿರಾಕಿ ಸಿಕ್ಕ. ಲಾಡ್ಜಿನವಗ ಒಂದು ದಿನದ ಬಾಡಿಗಿ ಹೆಚ್ಚಿಗಿ ಬಂತು. ನಿನಗ ಏನೂ ಇಲ್ಲ. ನನಗ ಮಷೀನು.